ಹೆಣ್ಣುಮಕ್ಕಳ ಶಾಲೆಯ ಆಡಳಿತ ಬದಲಾವಣೆ: ಹೆತ್ತವರ ಆತಂಕ ಮತ್ತು ಕಾನೂನಿನ ಮಾತು

ನಮ್ಮ ಜಿಲ್ಲೆಯ ಒಂದು ಐಡೆಡ್ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಒಂದೇ ವರ್ಷದೊಳಗೆ ಎರಡು ಬದಲಾವಣೆಗಳಾಗಿವೆ. ಹಳೆಯ ಮುಖ್ಯೋಪಾಧ್ಯಾಯಿನಿಯವರು ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರಿಗೆ ಕನ್ನಡ ಓದಲು ಬರೆಯಲು ಬಾರದು. ಮೆನೇಜರರಾಗಿದ್ದ ಹಿರಿಯರು ತೀರಿಕೊಂಡರು. ಈಗ ಶಾಲೆಯು ಆ ಮನೆಯವರ ಕೈಯಿಂದ ಹೊರಗಿನವರ ಕೈಗೆ ಹೋಗಲಿದೆ ಎಂಬ ಮಾತು ಪೇಟೆಯಲ್ಲೆಲ್ಲ ಹಬ್ಬಿದೆ. ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕಲಿಯುವ ಹುಡುಗಿಯರು ನಾಳೆಯೂ ಅದೇ ಗೇಟಿನೊಳಗೆ ಕಾಲಿಡಬೇಕಾದವರು. ಅಲ್ಲದೆ ಇಂಥ ಬದಲಾವಣೆ ಇಂದು ಅಲ್ಲಿ, ನಾಳೆ ಇನ್ನೊಂದು ಕಡೆ ಆಗುವಂಥದ್ದೇ.

ಈ ಬಗ್ಗೆ ಸೇರಿದ ಅಧ್ಯಾಪಕ-ರಕ್ಷಕ ಸಂಘದ ಸಭೆಯಲ್ಲಿ ಎಂದಿಗಿಂತ ಹೆಚ್ಚು ಜನ ಇದ್ದರೆಂದೂ ಮಾತನಾಡಿದವರಲ್ಲಿ ಹೆಚ್ಚಿನವರು ತಾಯಂದಿರೆಂದೂ ಅಲ್ಲಿದ್ದ ಪರಿಚಿತರು ಹೇಳಿದರು. ಒಬ್ಬರು ತುಳುವಿನಲ್ಲಿ, ಮತ್ತೊಬ್ಬರು ಬ್ಯಾರಿ ಭಾಷೆಯಲ್ಲಿ, ಇನ್ನೊಬ್ಬರು ಹವ್ಯಕ ಕನ್ನಡದಲ್ಲಿ ಹೇಳಿದ ದೂರು ಒಂದೇ. ಶಾಲೆಯಿಂದ ಮನೆಗೆ ಬರುವ ಚೀಟಿ ಈಗ ಮಲಯಾಳದಲ್ಲಿ ಮಾತ್ರ ಬರುತ್ತಿದೆ. ಮಗಳ ಗೈರುಹಾಜರಿ ಮತ್ತು ಆರೋಗ್ಯದ ಕುರಿತು ಬರೆದಿದ್ದ ಒಂದು ಚೀಟಿಯನ್ನು ಓದಿಸಿಕೊಳ್ಳಲು ಆ ತಾಯಿ ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಗೆ ಹೋಗಬೇಕಾಯಿತಂತೆ. ಮಗಳ ಸಂಗತಿಯನ್ನು ಅಂಗಡಿಯವನ ಬಾಯಿಯಿಂದ ಕೇಳುವುದೆಂದರೆ ಹೇಗಿರುತ್ತದೆ ಎಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ಗಡಿಯಾಚೆಯವರಿಗೆ ಒಂದು ಮಾತು ವಿಚಿತ್ರವಾಗಿ ಕಾಣಬಹುದು. ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಕ್ಕಳಲ್ಲಿ ಬಹಳ ಮಂದಿ ಮನೆಯಲ್ಲಿ ಕನ್ನಡ ಆಡುವವರಲ್ಲ. ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಹೀಗೆ ಮನೆಮಾತು ಒಂದೊಂದು. ಓದುಬರಹದ ಭಾಷೆ ಮಾತ್ರ ಕನ್ನಡ. ಅಜ್ಜ ಜಮೀನಿನ ಪತ್ರ ಓದಿದ್ದು ಕನ್ನಡದಲ್ಲಿ, ಅಮ್ಮ ಪತ್ರಿಕೆ ಓದುವುದು ಕನ್ನಡದಲ್ಲಿ. ಆದುದರಿಂದ ಶಾಲೆಯ ಚೀಟಿ ಕನ್ನಡದಲ್ಲಿ ಇಲ್ಲವೆಂದಾದರೆ ಆ ಮನೆಗೆ ಶಾಲೆಯೊಡನೆ ಇದ್ದ ಬರಹದ ಸಂಬಂಧವೇ ಕಡಿದ ಹಾಗೆ. 1956ರ ನವೆಂಬರ್ 1ರಿಂದ ಈಚೆಗೆ ನಮ್ಮ ಮನೆಗಳಲ್ಲಿ ಮಲಯಾಳ ಮಾತನಾಡಲು ಕಲಿತವರು ಬೇಕಷ್ಟಿದ್ದಾರೆ, ಓದಲು ಕಲಿತ ಹೆಂಗಸರು ಅಷ್ಟಿಲ್ಲ.

ಹೆಣ್ಣುಮಕ್ಕಳ ಶಾಲೆ ಎಂಬುದರಲ್ಲಿ ಇನ್ನೂ ಒಂದು ವಿಶೇಷವುಂಟು. ಹತ್ತನೆಯ ತರಗತಿಯವರೆಗೆ ಮಗಳನ್ನು ಓದಿಸಲು ಒಪ್ಪಿದ ಎಷ್ಟೋ ಮನೆಗಳು ಒಪ್ಪಿದ್ದೇ ಅದು ಹೆಣ್ಣುಮಕ್ಕಳ ಶಾಲೆ ಎಂಬ ಕಾರಣಕ್ಕೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆ ಶಾಲೆಯ ಮೇಲಿನ ನಂಬಿಕೆ ಕಟ್ಟಡದ ಮೇಲೆ ಇದ್ದದ್ದಲ್ಲ, ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕೂತವರ ಮೇಲೆ ಇದ್ದದ್ದು. ಎಂಟನೆಯ ತರಗತಿಯ ಹುಡುಗಿ ಹೊಟ್ಟೆನೋವೆಂದು ಆ ಬಾಗಿಲಿಗೆ ಹೋದಾಗ, ಅಥವಾ ಬಸ್ಸಿನಲ್ಲಿ ಯಾರೋ ಪೀಡಿಸಿದರೆಂದು ಅಳುತ್ತ ನಿಂತಾಗ ಹೇಳುವ ಮಾತು ಜವಾನನನ್ನು ಕರೆದು ಭಾಷಾಂತರ ಮಾಡಿಸುವಂಥದ್ದಲ್ಲ. ಸಭೆಯಲ್ಲಿ ತಾಯಂದಿರು ಎತ್ತಿದ ದನಿಯನ್ನು ಭಾಷಾಭಿಮಾನ ಎಂದಷ್ಟೇ ಬರೆದುಕೊಂಡವರು ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ.

ಹೊಸ ಮುಖ್ಯೋಪಾಧ್ಯಾಯಿನಿಯವರ ವಿಷಯದಲ್ಲಿ ಅನ್ಯಾಯದ ಮಾತೂ ಬೇಡ. ಅವರು ಅಕ್ರಮವಾಗಿ ಬಂದವರಲ್ಲ. 1959ರ ಕೇರಳ ಶಿಕ್ಷಣ ನಿಯಮಾವಳಿಯ 14-ಎ ಅಧ್ಯಾಯದ 44ನೇ ನಿಯಮದಂತೆ ಐಡೆಡ್ ಶಾಲೆಯ ಮುಖ್ಯಸ್ಥರ ನೇಮಕವು ಸಾಮಾನ್ಯವಾಗಿ ಹಿರಿತನದ ಪಟ್ಟಿಯ ಪ್ರಕಾರ ನಡೆಯತಕ್ಕದ್ದು. ನೇಮಕ ಮಾಡುವವರು ಮೆನೇಜರರು. ಅಸಮಾಧಾನವಿದ್ದ ಅಧ್ಯಾಪಕರು ಇಲಾಖೆಗೆ ಅಪೀಲು ಹೋಗಬಹುದು. ಹಿರಿಯರನ್ನು ಬಿಟ್ಟು ಇನ್ನೊಬ್ಬರನ್ನು ನೇಮಿಸಬೇಕಿದ್ದರೆ ಆ ಹಿರಿಯರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟ ಬಗ್ಗೆ ಬರಹದಲ್ಲಿ ಒಪ್ಪಿಗೆ ಬೇಕು, ಅದಕ್ಕೆ ಶಿಕ್ಷಣಾಧಿಕಾರಿಗಳ ಅಂಗೀಕಾರವೂ ಬೇಕು. ಈ ನಿಯಮ ಸೇವೆಯ ವರ್ಷಗಳನ್ನು ಕೇಳುತ್ತದೆ. ಮಕ್ಕಳೊಡನೆ ಯಾವ ಭಾಷೆಯಲ್ಲಿ ಮಾತನಾಡಬಲ್ಲಿರಿ ಎಂದು ಕೇಳುವುದಿಲ್ಲ. ಮಲಯಾಳ ವಿಭಾಗದಲ್ಲಿ ವರ್ಷಗಟ್ಟಲೆ ಗಣಿತವನ್ನೋ ವಿಜ್ಞಾನವನ್ನೋ ಕಲಿಸಿದವರು ಹಿರಿತನದಿಂದ ಕನ್ನಡ ವಿಭಾಗವೂ ಇರುವ ಶಾಲೆಯ ಮುಖ್ಯಸ್ಥರಾಗುವುದು ಆ ನಿಯಮದ ಸಹಜ ಪರಿಣಾಮ. ಅವರ ವಿರುದ್ಧ ಘೋಷಣೆ ಕೂಗಿದರೆ ಒಬ್ಬ ಅಧ್ಯಾಪಿಕೆಯ ಮನಸ್ಸು ನೋಯುವುದಲ್ಲದೆ ಬೇರೇನೂ ಆಗದು. ಚಂದ್ರಗಿರಿಯ ತೆಂಕಣದಿಂದ ಬಂದು, ಎರಡು ವರ್ಷಗಳಲ್ಲಿ ಕನ್ನಡ ಅಕ್ಷರ ಕಲಿತು, ಹೆತ್ತವರಿಗೆ ತಾವೇ ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಿದ್ದ ಒಬ್ಬ ಮುಖ್ಯೋಪಾಧ್ಯಾಯಿನಿಯವರನ್ನು ನಾನೇ ಬಲ್ಲೆ. ಅವರ ‘ಳ’ಕಾರ ನಮ್ಮ ಎಷ್ಟೋ ಮಕ್ಕಳದಕ್ಕಿಂತ ದುಂಡಗಿತ್ತು.

ಹಾಗಾದರೆ ಹಿರಿತನದ ಹಾದಿಗೆ ಬದಲಿ ಹಾದಿಯೇ ಇಲ್ಲವೆ? ಇದೆ. ಹೆತ್ತವರು ಗಮನಿಸದೆ ಹೋದ ಸಂಗತಿ ಇಲ್ಲಿಯೇ ಇರುವುದು.

ಸಂವಿಧಾನದ 30ನೇ ವಿಧಿಯ ಪ್ರಕಾರ ಧಾರ್ಮಿಕ ಅಲ್ಪಸಂಖ್ಯಾತರಂತೆಯೇ ಭಾಷಾ ಅಲ್ಪಸಂಖ್ಯಾತರಿಗೂ ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ಆಡಳಿತ ನಡೆಸುವ ಹಕ್ಕಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನೇ ಘಟಕವಾಗಿ ಇಟ್ಟುಕೊಂಡು ನಿರ್ಣಯಿಸಬೇಕೆಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗೆ ನೋಡಿದರೆ ಕೇರಳದಲ್ಲಿ ಕನ್ನಡಿಗರ ಸ್ಥಾನದ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಇನ್ನು ಅಲ್ಪಸಂಖ್ಯಾತರ ಆಡಳಿತದ ಐಡೆಡ್ ಶಾಲೆಯು ಅರ್ಹತೆಯುಳ್ಳವರಲ್ಲಿ ತನಗೆ ಬೇಕಾದವರನ್ನು ಮುಖ್ಯಸ್ಥರಾಗಿ ಆರಿಸಿಕೊಳ್ಳಬಹುದು, ಹಿರಿತನದ ನಿಯಮ ಅದನ್ನು ಕಟ್ಟಿಹಾಕದು ಎಂಬುದು ಕೇರಳದ್ದೇ ಒಂದು ಹೈಸ್ಕೂಲಿನ ವಿಷಯವಾಗಿ 1998ರಲ್ಲಿ ಅದೇ ಕೋರ್ಟು ಕೊಟ್ಟ ತೀರ್ಪು. ಎನ್. ಅಮ್ಮದ್ ಪ್ರಕರಣ ಎಂದು ಅದು ಪರಿಚಿತ. ಅದು ಧಾರ್ಮಿಕ ಅಲ್ಪಸಂಖ್ಯಾತರ ಶಾಲೆಯ ಸಂಗತಿ ನಿಜ. ಆದರೆ 30ನೇ ವಿಧಿಯು ಧರ್ಮವನ್ನೂ ಭಾಷೆಯನ್ನೂ ಒಂದೇ ವಾಕ್ಯದಲ್ಲಿ ಹೇಳುತ್ತದೆ.

ಅಂದರೆ ಕನ್ನಡಿಗರು ಸ್ಥಾಪಿಸಿ ಕನ್ನಡಿಗರು ನಡೆಸುವ ಶಾಲೆಯ ಮೆನೇಜರರಿಗೆ, ಕನ್ನಡ ಬಲ್ಲ ಮುಖ್ಯೋಪಾಧ್ಯಾಯಿನಿಯೇ ಬೇಕು ಎಂದು ವಾದಿಸಲು ಒಂದು ಆಧಾರವುಂಟು. ಅದನ್ನು ಹಿಡಿದು ಹೋರಾಡಿದವರು ನಮ್ಮಲ್ಲಿ ಕಡಿಮೆ. ಇಲಾಖೆಯೊಡನೆ ವ್ಯಾಜ್ಯ ಯಾಕೆ ಎಂದು ಪಟ್ಟಿಯಲ್ಲಿ ಮೊದಲಿದ್ದವರಿಗೆ ಸಹಿ ಹಾಕಿ ಮುಗಿಸುವುದೇ ರೂಢಿ. ಆದರೆ ಆ ಹಕ್ಕು ಇರುವುದು ಆಡಳಿತಕ್ಕೆ, ಹೆತ್ತವರಿಗಲ್ಲ. ಆಡಳಿತವೇ ಭಾಷಾ ಅಲ್ಪಸಂಖ್ಯಾತರಲ್ಲದವರ ಕೈಗೆ ಹೋದರೆ ಆ ಆಧಾರವೂ ಜೊತೆಗೆ ಹೋಗುತ್ತದೆ. ಮುಖ್ಯೋಪಾಧ್ಯಾಯಿನಿಯವರು ಹೆಚ್ಚೆಂದರೆ ಕೆಲವು ವರ್ಷ ಇದ್ದು ನಿವೃತ್ತರಾಗುವರು. ಮೆನೇಜರರ ಕುರ್ಚಿಗೆ ನಿವೃತ್ತಿ ಇಲ್ಲ. ಹೀಗಿರುವಾಗ ಸಭೆಯಲ್ಲಿ ಎರಡು ಗಂಟೆ ಮುಖ್ಯೋಪಾಧ್ಯಾಯಿನಿಯವರ ಬಗ್ಗೆ ಮಾತನಾಡಿ, ಆಡಳಿತ ಹಸ್ತಾಂತರದ ಬಗ್ಗೆ ಕೊನೆಯಲ್ಲಿ ಐದು ನಿಮಿಷ ಗುಸುಗುಸು ಮಾಡಿ ಎದ್ದುಹೋದದ್ದು ತಿರುಗುಮುರುಗಾಯಿತೆಂದೇ ನನ್ನ ಅಭಿಪ್ರಾಯ.

ಶಾಲೆಯನ್ನು ತೋಟ ಮಾರಿದ ಹಾಗೆ ಮಾರಿಬಿಡಲು ಬರುವುದಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. 1958ರ ಕೇರಳ ಶಿಕ್ಷಣ ಕಾಯ್ದೆಯ 6ನೇ ಕಲಮಿನಂತೆ ಐಡೆಡ್ ಶಾಲೆಯ ಆಸ್ತಿಯನ್ನು ಮಾರುವುದಕ್ಕಾಗಲಿ ಅಡವಿಡುವುದಕ್ಕಾಗಲಿ ಗೇಣಿಗೆ ಕೊಡುವುದಕ್ಕಾಗಲಿ ಮುಂಚಿತವಾಗಿ ಬರಹದ ಅನುಮತಿ ಬೇಕು. ಮೆನೇಜರರನ್ನು ನೇಮಿಸುವುದು ಶಾಲೆಯ ಒಡೆತನವುಳ್ಳ ಸಂಸ್ಥೆ ಅಥವಾ ವ್ಯಕ್ತಿಯೇ ಆದರೂ ಅದಕ್ಕೆ ಇಲಾಖೆಯ ಅಂಗೀಕಾರ ಬೇಕೆಂದು 7ನೇ ಕಲಮು ಹೇಳುತ್ತದೆ. ಒಡೆತನವೇ ಬದಲಾಗುವಂಥ ಹಸ್ತಾಂತರಕ್ಕೆ ನಿಯಮಾವಳಿಯ 3ನೇ ಅಧ್ಯಾಯದ 5-ಎ ನಿಯಮದಂತೆ ಶಿಕ್ಷಣ ನಿರ್ದೇಶಕರ ಪೂರ್ವಾನುಮತಿ ಇರಲೇಬೇಕು. ಈ ಅರ್ಜಿಗಳು ಹೋಗುವುದು ಡಿ.ಇ.ಒ. ಕಚೇರಿಯ ಮೂಲಕ. ಅಂದಮೇಲೆ ಪೇಟೆಯ ಮಾತು ನಿಜವೋ ಸುಳ್ಳೋ ಎಂಬುದನ್ನು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಊಹಿಸಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅದೇ ಕಚೇರಿಗೆ ಒಂದು ಅರ್ಜಿ ಹಾಕಿದರೆ ಕಡತ ಎಲ್ಲಿದೆ ಎಂಬುದು ಮೂವತ್ತು ದಿನಗಳಲ್ಲಿ ತಿಳಿಯಬೇಕು. (ನಾನು ಟಿ.ಸಿ.ಎಚ್. ಕಲಿತದ್ದು ಗಡಿಯಾಚೆ. ಅಲ್ಲಿಯ ಪಾಠಪಟ್ಟಿಯಲ್ಲಿ ಕೇರಳದ ಶಿಕ್ಷಣ ನಿಯಮಾವಳಿ ಎಲ್ಲಿರಬೇಕು? ಇದೆಲ್ಲ ಆಮೇಲೆ ಸ್ಟಾಫ್ ರೂಮಿನಲ್ಲಿ ಹಿರಿಯರ ಬಾಯಿಂದ ಕೇಳಿ, ಪುಸ್ತಕ ತೆರೆದು ನೋಡಿ ಕಲಿತದ್ದು.)

ಹೊಸಬರು ಶಾಲೆಯನ್ನು ಯಾಕೆ ಕೊಳ್ಳುತ್ತಾರೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರಂತೆ. ಪ್ರಶ್ನೆ ಮುಗ್ಧವಾದದ್ದು, ಆದರೆ ಮುಖ್ಯವಾದದ್ದು. ಐಡೆಡ್ ಶಾಲೆಯಲ್ಲಿ ನೇಮಕ ಮೆನೇಜರರದು, ಸಂಬಳ ಸರ್ಕಾರದ್ದು. ನೇಮಕಕ್ಕೆ ಹಣ ಕೈಬದಲಾಗುವ ವಿಚಾರ ಕೇರಳದಲ್ಲಿ ಯಾರಿಗೂ ಹೊಸತಲ್ಲ. ಶಾಲೆಗೆ ಬೆಲೆ ಬರುವುದು ಅದರ ಗೋಡೆಯಿಂದಲ್ಲ, ಅಲ್ಲಿ ತೆರವಾಗುವ ಹುದ್ದೆಗಳಿಂದ. ಹುದ್ದೆ ಉಳಿಯಬೇಕಾದರೆ ಡಿವಿಶನ್ ಉಳಿಯಬೇಕು, ಡಿವಿಶನ್ ಉಳಿಯಬೇಕಾದರೆ ಮಕ್ಕಳ ತಲೆಲೆಕ್ಕ ಬೇಕು. ಇಲ್ಲಿಯವರೆಗೆ ಮೆನೇಜರರ ಹಿತವೂ ಹೆತ್ತವರ ಹಿತವೂ ಒಂದೇ. ಮುಂದೆ ದಾರಿ ಕವಲೊಡೆಯುತ್ತದೆ. ಯಾಕೆಂದರೆ ಹುದ್ದೆಯ ದೃಷ್ಟಿಯಿಂದ ಮಗು ಯಾವ ಮಾಧ್ಯಮದಲ್ಲಿ ಕೂತರೂ ತಲೆ ಒಂದೇ. ಕನ್ನಡ ತರಗತಿಗೆ ಹದಿನೈದು ಮಕ್ಕಳನ್ನು ಮನೆಮನೆಗೆ ಹೋಗಿ ಸೇರಿಸುವುದಕ್ಕಿಂತ, ಪಕ್ಕದಲ್ಲಿ ಇಂಗ್ಲಿಷ್ ಮಾಧ್ಯಮದ ಒಂದು ಡಿವಿಶನ್ ತೆರೆದು ಬಸ್ಸು ಬಿಟ್ಟರೆ ಕೆಲಸ ಸುಲಭ. ಊರಿನ ಹಳೆಯ ಮೆನೇಜರರು ಆ ಸುಲಭದ ಕೆಲಸವನ್ನು ಮಾಡದೆ ಇದ್ದದ್ದು ಲಾಭನಷ್ಟ ತಿಳಿಯದೆ ಅಲ್ಲ. ದೇವಸ್ಥಾನದಲ್ಲಿ, ಮದುವೆಮನೆಯಲ್ಲಿ ಜನರ ಮುಖ ನೋಡಬೇಕಿತ್ತು. ಹೊರಗಿನವರಿಗೆ ಆ ದಾಕ್ಷಿಣ್ಯವಿಲ್ಲ.

ತಲೆಲೆಕ್ಕದ ಮಾತು ಬಂದದ್ದರಿಂದ ಈಗಾಗಲೇ ನಡೆಯುತ್ತಿರುವ ಒಂದು ಅನಾಹುತವನ್ನು ಹೇಳಲೇಬೇಕು. ಸಿಟ್ಟಿನಿಂದ ಕೆಲವರು ಮಗಳ ಟಿ.ಸಿ. ತೆಗೆದುಕೊಂಡು ಹೋಗಿದ್ದಾರೆ, ಇನ್ನು ಕೆಲವರು ಬೇಸಿಗೆ ರಜೆಗೆ ಕಾದಿದ್ದಾರೆ. ಕೇರಳದಲ್ಲಿ ಶಾಲೆಗಳ ಹುದ್ದೆ ನಿರ್ಣಯವಾಗುವುದು ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ. ಜೂನ್ ತಿಂಗಳ ಆ ಒಂದು ದಿನ ಕನ್ನಡ ಎಂಟನೆಯ ತರಗತಿಯಲ್ಲಿ ಎಷ್ಟು ಹೆಸರುಗಳಿವೆ ಎಂಬುದೇ ಆ ವರ್ಷದ ಹಣೆಬರಹ. ಸಂಖ್ಯೆ ಬಿದ್ದರೆ ಡಿವಿಶನ್ ಬೀಳುತ್ತದೆ, ಡಿವಿಶನ್ ಬಿದ್ದರೆ ಕನ್ನಡದಲ್ಲಿ ಗಣಿತ ವಿಜ್ಞಾನ ಕಲಿಸುವ ಅಧ್ಯಾಪಕರ ಹುದ್ದೆ ಹೋಗುತ್ತದೆ, ಆಮೇಲೆ ಮರುವರ್ಷ ಮಕ್ಕಳು ಮರಳಿ ಬಂದರೂ ಕಲಿಸುವವರು ಅಲ್ಲಿರುವುದಿಲ್ಲ. ಪ್ರತಿಭಟನೆಯೆಂದು ತೆಗೆದ ಟಿ.ಸಿ. ಹೊಸ ಆಡಳಿತಕ್ಕೆ ನೋವು ಕೊಡುವುದಿಲ್ಲ, ಕನ್ನಡ ವಿಭಾಗ ಮುಚ್ಚಲು ಅವರು ಹುಡುಕಬೇಕಾಗಿದ್ದ ಕಾರಣವನ್ನು ಪುಕ್ಕಟೆಯಾಗಿ ಒದಗಿಸುತ್ತದೆ. ಹಾಗೆಂದು ಟಿ.ಸಿ. ತೆಗೆದ ತಂದೆತಾಯಿಯರನ್ನು ದೂರಲು ನನಗೆ ಬಾಯಿ ಬಾರದು. ಸಮುದಾಯದ ಡಿವಿಶನ್ನಿಗಾಗಿ ನಿನ್ನ ಮಗಳನ್ನು ನಂಬಿಕೆಯಿಲ್ಲದ ಕಡೆ ಇಡು ಎಂದು ಯಾರು ಯಾರಿಗೆ ಹೇಳಬಹುದು?

ಸಂಖ್ಯೆಯ ವಿಷಯದಲ್ಲಿ ಹಳೆಯ ಒಂದು ರಕ್ಷಣೆ ಇದೆ. ಪ್ರಾಥಮಿಕ ಹಂತದಲ್ಲಿ ಶಾಲೆಗೆ 40 ಅಥವಾ ತರಗತಿಗೆ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕೆಂದು 1949ರಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. ಆಮೇಲೆ 1956ರ ತಿದ್ದುಪಡಿಯಿಂದ 350-ಎ ವಿಧಿ ಸಂವಿಧಾನಕ್ಕೆ ಸೇರಿತು. ಪ್ರೌಢ ಹಂತಕ್ಕೆ ಕೊನೆಯ ನಾಲ್ಕು ತರಗತಿಗಳಲ್ಲಿ 60, ಒಂದೊಂದು ತರಗತಿಯಲ್ಲಿ 15 ಎಂಬ ಲೆಕ್ಕವು ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಯೋಜನೆಯಲ್ಲಿದೆ. ಶಾಲೆ ತೆರೆಯುವ ಮುಂಚೆಯೇ ಮಕ್ಕಳ ಭಾಷಾ ಆಯ್ಕೆಯನ್ನು ನೋಂದಾಯಿಸುವುದು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಗಳೊಡನೆ ಹೊಂದಿಸುವುದು ಇವೂ ಅದೇ ಯೋಜನೆಯ ಭಾಗಗಳು. ಆದರೆ 350-ಎ ವಿಧಿಯ ಮಾತು ಪ್ರಾಥಮಿಕ ಹಂತಕ್ಕೇ ಮುಗಿಯುತ್ತದೆ. ಹುಡುಗಿ ಎಂಟನೆಯ ತರಗತಿಗೆ ಬಂದಾಗ ಅವಳ ಹಿಂದೆ ಇರುವುದು ಸಂವಿಧಾನದ ಆ ವಿಧಿಯಲ್ಲ, ಸರ್ಕಾರಗಳು ಒಪ್ಪಿಕೊಂಡ ಒಂದು ಯೋಜನೆ ಮಾತ್ರ. ಸರ್ಕಾರಿ ಶಾಲೆಗಳ ಕನ್ನಡ ವಿಭಾಗಗಳಿಗೇ ಕನ್ನಡ ತಿಳಿಯದವರನ್ನು ನೇಮಿಸಿ ಮಕ್ಕಳು ಬೀದಿಗಿಳಿದ ಪ್ರಸಂಗಗಳನ್ನು ಈಚಿನ ವರ್ಷಗಳಲ್ಲಿ ನಾವು ಕಂಡಿದ್ದೇವೆ. ಖಾಸಗಿ ಆಡಳಿತದಲ್ಲಿ ಯೋಜನೆಯ ಕಾಗದ ಎಷ್ಟು ಕೆಲಸ ಮಾಡೀತು ಎಂಬುದನ್ನು ಅದರಿಂದ ಅಂದಾಜಿಸಬಹುದು.

ಗಂಡುಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆಂಬ ಸುದ್ದಿ ಇನ್ನೊಂದು. ಇದಕ್ಕೆ ಹಿನ್ನೆಲೆಯಿದೆ. ಗಂಡುಮಕ್ಕಳಿಗೆ ಬೇರೆ, ಹೆಣ್ಣುಮಕ್ಕಳಿಗೆ ಬೇರೆ ಎಂಬ ಶಾಲೆಗಳನ್ನು ನಿಲ್ಲಿಸಿ ಎಲ್ಲವನ್ನೂ ಮಿಶ್ರ ಶಾಲೆಗಳನ್ನಾಗಿ ಮಾಡಬೇಕೆಂದು ಕೇರಳದ ಮಕ್ಕಳ ಹಕ್ಕುಗಳ ಆಯೋಗವು 2022ರ ಜುಲೈಯಲ್ಲಿ ನಿರ್ದೇಶಿಸಿತ್ತು. ಅಧ್ಯಾಪಕ-ರಕ್ಷಕ ಸಂಘ ಹಾಗೂ ಸ್ಥಳೀಯಾಡಳಿತದ ಒಪ್ಪಿಗೆಯಿದ್ದರೆ ಮಾತ್ರ ಬದಲಾವಣೆ ಎಂಬುದು ಸರ್ಕಾರದ ನಿಲುವಾಗಿತ್ತು. ಆದುದರಿಂದ ಈ ವಿಷಯದಲ್ಲಿ ಹೆತ್ತವರ ಮಾತಿಗೆ ಬೆಲೆಯಿದೆ. ಹುಡುಗರು ಬಂದ ಮಾತ್ರಕ್ಕೆ ಶಾಲೆ ಕೆಡುತ್ತದೆಂದು ನಾನು ನಂಬುವವನಲ್ಲ. ನಾನು ಕಲಿಸುವುದೇ ಮಿಶ್ರ ಶಾಲೆಯಲ್ಲಿ. ಶೌಚಾಲಯ, ಬಸ್ಸು, ಆಟದ ಬಯಲು ಇವುಗಳ ವ್ಯವಸ್ಥೆ ಮೊದಲು ಆಗಲಿ, ಹುಡುಗಿಯರನ್ನು ಕೇಳಿ ಆಗಲಿ ಎಂಬಷ್ಟನ್ನು ಸಂಘದ ನಿರ್ಣಯದಲ್ಲಿ ಬರೆಸಬಹುದು.

ಸಂಘ ಎಂದಾಗ ಶಾಲಾ ನಿರ್ವಹಣಾ ಸಮಿತಿಯ ನೆನಪಾಗುವುದು ಸಹಜ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು, ಅರ್ಧದಷ್ಟು ಹೆಂಗಸರು. ಆದರೆ ಐಡೆಡ್ ಶಾಲೆಗಳಲ್ಲಿ ಅದು ಸಲಹೆ ಕೊಡುವುದಕ್ಕೆ ಮಾತ್ರ ಎಂದು 2012ರ ತಿದ್ದುಪಡಿ ಮಾಡಿತು. ನೇಮಕದಲ್ಲಿಯೂ ಹಸ್ತಾಂತರದಲ್ಲಿಯೂ ಹೆತ್ತವರಿಗೆ ಮತವಿಲ್ಲ. ಬರಹದಲ್ಲಿ ಕೇಳಿ ಬರಹದಲ್ಲಿ ಉತ್ತರ ಪಡೆಯುವ ಹಾದಿ ಮಾತ್ರ ಮುಚ್ಚಿಲ್ಲ.

ಆ ಹಾದಿಯಲ್ಲಿ ಕೇಳಬೇಕಾದದ್ದು ಬಹಳವಿಲ್ಲ. ಹಸ್ತಾಂತರಕ್ಕೆ ಅರ್ಜಿ ಹೋಗಿದೆಯೆ, ಹೋಗಿದ್ದರೆ ಶಾಲೆಯ ಭಾಷಾ ಅಲ್ಪಸಂಖ್ಯಾತ ಸ್ವರೂಪವನ್ನು ಉಳಿಸುವ ಮಾತು ಕರಾರಿನಲ್ಲಿದೆಯೆ ಎಂಬುದು ಮೆನೇಜರರ ಮನೆಯವರಿಗೆ. ಕನ್ನಡ ವಿಭಾಗದಲ್ಲಿ ಈಗ ಖಾಲಿಯಿರುವ ಮತ್ತು ಎರಡು ವರ್ಷಗಳಲ್ಲಿ ಖಾಲಿಯಾಗುವ ಹುದ್ದೆಗಳೆಷ್ಟು, ಕನ್ನಡದಲ್ಲಿ ಕಲಿತು ಬಂದವರನ್ನೇ ಅವಕ್ಕೆ ನೇಮಿಸುವಿರಾ ಎಂಬುದೂ ಅವರಿಗೇ. ಮುಖ್ಯೋಪಾಧ್ಯಾಯಿನಿಯವರಿಗೆ ಒಂದೇ: ಮನೆಗೆ ಹೋಗುವ ಚೀಟಿ ಕನ್ನಡದಲ್ಲೂ ಇರಲಿ, ಹುಡುಗಿಯರು ಗುಟ್ಟಾಗಿ ಮಾತನಾಡಬಹುದಾದ ಕನ್ನಡ ಬಲ್ಲ ಒಬ್ಬ ಅಧ್ಯಾಪಿಕೆಯನ್ನು ಗೊತ್ತುಮಾಡಿ ಹೆಸರನ್ನು ನೋಟೀಸು ಬೋರ್ಡಿನಲ್ಲಿ ಹಾಕಿರಿ. ಇದಕ್ಕೆ ಸರ್ಕಾರದ ಆಜ್ಞೆ ಬೇಡ, ಖರ್ಚೂ ಇಲ್ಲ.

ಸಭೆಯ ಕೊನೆಗೆ ಐದು ಮಂದಿ ತಾಯಂದಿರ ಸಹಿಯಿರುವ ಒಂದು ಪತ್ರ ಸಿದ್ಧವಾಗಿ ಈಗ ಡಿ.ಇ.ಒ. ಕಚೇರಿಗೂ ಮೆನೇಜರರ ಮನೆಗೂ ತಲಪಿದೆ. ಹಸ್ತಾಂತರದ ಪ್ರಶ್ನೆ ಅದರಲ್ಲಿ ಇಲ್ಲವೆಂದು ಕೇಳಿ, ಎರಡನೆಯ ಪತ್ರ ಬರೆಯಿರೆಂದು ನಾನು ಹೇಳಿಕಳುಹಿಸಿದ್ದೇನೆ. ಟಿ.ಸಿ.ಗೆಂದು ಅರ್ಜಿ ಬರೆದಿಟ್ಟುಕೊಂಡಿದ್ದ ಇಬ್ಬರು, ಉತ್ತರ ಬರುವ ತನಕ ಅದನ್ನು ಕೊಡುವುದಿಲ್ಲವೆಂದು ಒಪ್ಪಿದ್ದಾರಂತೆ.